ಸೂಜಿಗೂ ಮೊದಲು

ಹಾಲೆಂಡಿಗೆ ಹೋಗಿ ಬಂದೆ ಎಂದಾಗ ಕೋಲಾರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಎರಡೇ ಮಾತು. ಅಲ್ಲಿ ಊಟಕ್ಕೇನು ಮಾಡಿಕೊಂಡಿರಿ, ಟ್ಯೂಲಿಪ್ ತೋಟ ನೋಡಿದಿರಾ. ಊಟಕ್ಕೆ ಬ್ರೆಡ್ಡು. ಟ್ಯೂಲಿಪ್ ನೋಡಲಿಲ್ಲ, ನಾನು ಹೋಗುವ ಹೊತ್ತಿಗೆ ಹೂವಿನ ಕಾಲ ಮುಗಿದಿತ್ತು. ನಾನು ನೋಡಿದ್ದು ಬೇರೆ. ಅದನ್ನು ಚಹಾ ಕುಡಿಯುತ್ತ ಹೇಳಲು ಆಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಆ ದೇಶಕ್ಕೆ ಒಂದು ಪ್ರಶ್ನೆ ಹೊತ್ತುಕೊಂಡು ಹೋಗಿದ್ದೆ. ಉತ್ತರ ತರದೆ ಬರುವ ಹಾಗಿರಲಿಲ್ಲ.

ಮಾಲೂರು

ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಬೇಸಿಗೆ ರಜೆಯಲ್ಲಿ ಕೆಲವು ವಾರ ಹೊರದೇಶದ ಪ್ರಯೋಗಾಲಯದಲ್ಲಿ ಕೂತು ಕಲಿತು ಬರುವ ಅವಕಾಶಕ್ಕೆ ಅರ್ಜಿ ಹಾಕಿದ್ದೆ, ಸಿಕ್ಕಿತು. ಆ ಪ್ರಯೋಗಾಲಯದಲ್ಲಿ ಜೀವಂತ ಕೋಶಗಳನ್ನು ಜೆಲ್ಲಿಯಲ್ಲಿ ಬೆರೆಸಿ, ಯಂತ್ರದಿಂದ ಪದರ ಪದರವಾಗಿ ಮುದ್ರಿಸಿ, ದೇಹದ ಮಾಂಸದಂಥ ಸಣ್ಣ ತುಂಡುಗಳನ್ನು ಮಾಡುತ್ತಾರೆ. ಅದರೊಳಗೆ ಕ್ಯಾನ್ಸರಿನ ಕೋಶಗಳನ್ನಿಟ್ಟು, ಅವು ಇದ್ದ ಜಾಗ ಬಿಟ್ಟು ಹೇಗೆ ಹೊರಡುತ್ತವೆ ಎಂದು ನೋಡುತ್ತಾರೆ. ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂಬುದಕ್ಕೆ ಅರ್ಜಿಯಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿ ಕಾರಣ ಬರೆದಿದ್ದೆ. ನಿಜವಾದ ಕಾರಣ ನನ್ನ ಅಕ್ಕ ವಿಮಲ.

ಅಕ್ಕನನ್ನು ಶ್ರೀನಿವಾಸಪುರಕ್ಕೆ ಕೊಟ್ಟಿತ್ತು. ಭಾವನದು ಮಾವಿನಕಾಯಿ ಮಂಡಿ. ಎದೆಯಲ್ಲಿ ಗಡ್ಡೆ ಕಂಡಾಗ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಸೂಜಿ ಹಾಕಿ ಗಡ್ಡೆಯಿಂದ ಚೂರು ತೆಗೆದರು. ಅದರ ರಿಪೋರ್ಟ್ ಬಂದ ಮೇಲೆ ಸ್ಕ್ಯಾನ್ ಮಾಡಿದರು. ಲಿವರಿಗೂ ಬೆನ್ನುಮೂಳೆಗೂ ಹರಡಿದೆ ಎಂದರು. ವರ್ಷ ತುಂಬುವ ಮೊದಲೇ ಅಕ್ಕ ಹೋದಳು.

ಮುಳಬಾಗಿಲು ಕಡೆಯ ನಮ್ಮ ಮನೆಯಲ್ಲಿ ಒಳಗೆ ತೆಲುಗು, ಬಾಗಿಲಿನಿಂದಾಚೆ ಕನ್ನಡ. ಡಾಕ್ಟರು ‘ಹರಡಿದೆ’ ಎಂದದ್ದನ್ನು ನಾನು ಅಮ್ಮನಿಗೆ ತೆಲುಗಿನಲ್ಲಿ ‘ಪಾಕಿಂದಿ’ ಎಂದಿದ್ದೆ. ಬಳ್ಳಿ ಹಬ್ಬುವುದಕ್ಕೂ ಅದೇ ಮಾತು, ಕೂಸು ಅಂಬೆಗಾಲಿಡುವುದಕ್ಕೂ ಅದೇ ಮಾತು. ಅಮ್ಮನ ತಲೆಯಲ್ಲಿ ನಡೆದದ್ದೆಲ್ಲ ಒಂದು ಸಾಲಾಗಿ ನಿಂತುಬಿಟ್ಟಿತು. ಗಡ್ಡೆ ತನ್ನ ಪಾಡಿಗೆ ಒಂದು ಕಡೆ ಕೂತಿತ್ತು. ಸೂಜಿ ಅದನ್ನು ಕೆಣಕಿತು. ಕೆಣಕಿದ ಮೇಲೆ ಪಾಕಿಂದಿ. ನಮ್ಮ ಕಡೆ ಹೀಗೆ ನಂಬದವರೇ ಕಡಿಮೆ.

ನನ್ನ ಹೆಸರು ಸುಜಾತ. ಮನೆಯಲ್ಲಿ ಎಲ್ಲರಿಗೂ ಸುಜಿ. ಅಕ್ಕನ ಕಾರ್ಯದ ದಿನ ನಾನು ಸಾರು ಬಡಿಸುತ್ತ ಭಾವನ ಎಲೆಯ ಹತ್ತಿರ ಬಂದಾಗ ಅವರು ಪಕ್ಕದವರಿಗೆ ಕೇಳುವಷ್ಟು ದನಿಯಲ್ಲಿ, “ಸುಜಿ ಅಲ್ಲ ಕಣ್ರೀ ಇವಳು, ಸೂಜಿ” ಎಂದರು. ಒಬ್ಬಿಬ್ಬರು ನಕ್ಕರು. ಅಮ್ಮ ನಗಲಿಲ್ಲ. ಭಾವನಿಗೆ ಏನೂ ಅನ್ನಲೂ ಇಲ್ಲ. ಅಂದಿನಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು. “ಏಯ್”, “ಇಲ್ಲಿ ಬಾ”, ಇಷ್ಟೇ.

ಹೊರಡುವ ಮುಂಚೆ ಹೇಳಿ ಬರೋಣವೆಂದು ಮಾಲೂರಿಗೆ ಹೋದೆ. ಅಲ್ಲಿ ನನ್ನ ತಂಗಿ ರೇಣುಕಾ ಇದ್ದಾಳೆ. ಬೆಳಗಾದರೆ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವಳು. ಅಕ್ಕ ಹೋದ ಮೇಲೆ ಅಮ್ಮ ಅವಳ ಮನೆಯಲ್ಲೇ ಇರುತ್ತಾಳೆ. ಅಡುಗೆಮನೆಯಲ್ಲಿ ಅಮ್ಮ ಮುದ್ದೆ ತೊಳಸುತ್ತಿದ್ದಳು. ರೇಣು ನನ್ನ ಕೈ ಹಿಡಿದು ತನ್ನ ಎಡಗಡೆ ಎದೆಯ ಮೇಲಿಟ್ಟುಕೊಂಡಳು.

“ಸುಜಕ್ಕ, ಇಲ್ಲಿ ಮುಟ್ಟು.”

ಹುಣಸೆ ಬೀಜದಂಥದ್ದು ಬೆರಳಿಗೆ ಸಿಕ್ಕಿತು.

“ಯಾವಾಗಿಂದ?”

“ಯುಗಾದಿಗೆ ಎಣ್ಣೆ ಹಚ್ಕೊಂಡು ನೀರು ಹಾಕ್ಕೊಂಡ್ನಲ್ಲ, ಆವಾಗ ಸಿಕ್ತು.”

“ನಾಳೆನೇ ಹೋಗೋಣ. ನಾನು ಪ್ರಯಾಣ ಬಿಡ್ತೀನಿ.”

“ಎಲ್ಲಿಗೆ, ಸೂಜಿ ಹಾಕ್ಸಕ್ಕಾ? ಬಿಡಕ್ಕ. ಆಂಧ್ರ ಗಡಿ ಹತ್ರ ಒಬ್ರು ಸೊಪ್ಪು ಕಟ್ತಾರೆ, ಅಮ್ಮ ಕರಕೊಂಡು ಹೋಗಿತ್ತು. ಕಟ್ಟಿಸ್ಕೊಂಡು ಬಂದಿದೀನಿ.”

“ರೇಣು, ನಾನು ಪಾಠ ಮಾಡೋದೇ ಇದನ್ನ.”

“ಪಾಠ ಮಾಡೋಳು ದೊಡ್ಡಕ್ಕನ್ನೂ ಕರಕೊಂಡು ಹೋಗಿದ್ದೆ.”

ಅಂದವಳು ತಕ್ಷಣ ನನ್ನ ಮೊಣಕೈ ಹಿಡಿದುಕೊಂಡಳು. “ಬೇಜಾರು ಮಾಡ್ಕೋಬೇಡ. ನೀನು ಹೋಗು. ಅಲ್ಲಿರೋರು ಇದನ್ನೇ ನೋಡ್ತಾ ಕೂತಿರ್ತಾರೆ ಅಂದ್ಯಲ್ಲ. ಸೂಜಿ ಚುಚ್ಚಿದ್ರೆ ಪಾಕುತ್ತಾ ಇಲ್ವಾ, ಕೇಳ್ಕೊಂಡು ಬಾ. ಇಲ್ಲ ಅಂದ್ರೆ ಮಾರನೇ ದಿನವೇ ಚುಚ್ಚಿಸ್ಕೋತೀನಿ, ದೇವರಾಣೆ.”

“ಇಲ್ಲಿನ ಡಾಕ್ಟರೂ ಇಲ್ಲ ಅಂತಾನೇ ಹೇಳ್ತಾರೆ ಕಣೇ.”

“ಅವರು ಸೂಜಿ ಹಿಡ್ಕೊಂಡೋರು. ಇನ್ನೇನು ಹೇಳ್ತಾರೆ?”

ಅಮ್ಮ ತಿರುಗಿ ನೋಡಲಿಲ್ಲ. ಮುದ್ದೆ ಕೋಲು ಪಾತ್ರೆಯ ಅಂಚಿಗೆ ತಾಗುವ ಸದ್ದು ಮಾತ್ರ ನಿಂತಿತ್ತು. ಮತ್ತೆರಡು ದಿನ ಅಲ್ಲೇ ಇದ್ದು ಬೇಡಿಕೊಂಡೆ, ಬೈದೆ, ಅತ್ತೆ. ರೇಣು ನಗುತ್ತಲೇ ನನ್ನ ಪೆಟ್ಟಿಗೆಗೆ ಹುರಿಹಿಟ್ಟಿನ ಪೊಟ್ಟಣ ತುಂಬಿದಳು.

ಇಟ್ಟಿಗೆಯ ಊರು

ನಾನಿದ್ದ ಊರು ಪೂರ್ತಿ ಇಟ್ಟಿಗೆ. ಮನೆ ಇಟ್ಟಿಗೆ, ಸೇತುವೆ ಇಟ್ಟಿಗೆ, ಕಾಲುವೆಯ ದಡ ಇಟ್ಟಿಗೆ, ರಸ್ತೆಗೂ ಟಾರಿನ ಬದಲು ಇಟ್ಟಿಗೆಯನ್ನೇ ಓರೆಯಾಗಿ ಜೋಡಿಸಿದ್ದಾರೆ. ಗೋಡೆಗಳಿಗೆ ಗಾರೆ ಬಳಿಯುವುದಿಲ್ಲ, ಬಣ್ಣ ಹೊಡೆಯುವುದಿಲ್ಲ. ನಮ್ಮಲ್ಲಿ ಹಣ ಸಾಲದೆ ಹಾಗೆ ಬಿಟ್ಟ ಮನೆಯಂತೆ ಕಾಣುವುದನ್ನು ಅವರು ಅಂದವೆಂದು ಉಳಿಸಿಕೊಂಡಿದ್ದಾರೆ. ಮೊದಲ ದಿನ ಮಳೆ ಬಂದು ನಿಂತ ಮೇಲೆ ಆ ಕೆಂಪು ಒದ್ದೆ ವಾಸನೆಗೆ, ಇಟ್ಟಿಗೆ ಗೂಡುಗಳ ನಡುವಿನ ಮಾಲೂರು ಸ್ಟೇಷನ್ನಿಗೆ ರೈಲು ಬರುತ್ತಿದೆ ಅನ್ನಿಸಿ ಎದ್ದು ಬಾಗಿಲ ಕಡೆ ಹೋಗಬೇಕೆನ್ನಿಸಿತು.

ರೇಣುಗೆ ಫೋನಿನಲ್ಲಿ ಹೇಳಿದೆ.

“ಅಷ್ಟು ದೂರ ಹೋಗಿ ಇಟ್ಟಿಗೆ ನೋಡ್ತಿದೀಯಾ? ನಮ್ಮನೆ ಹಿಂದೆನೇ ಗೂಡು ಸುಡ್ತಿದಾರೆ. ಇಲ್ಲೇ ಬಂದಿದ್ರೆ ಆಗ್ತಿತ್ತು” ಎಂದು ನಕ್ಕಳು. ಆಮೇಲೆ, “ಕೇಳಿದ್ಯಾ?”

“ಇನ್ನೂ ಇಲ್ಲ.”

ಆ ಊರಿನಲ್ಲಿ ನನಗೆ ಮೊದಲು ಅರ್ಥವಾದ ಡಚ್ ಮಾತು ಸೈಕಲ್ಲಿನ ಗಂಟೆ. ಕಾಲುದಾರಿಯೆಂದುಕೊಂಡು ನಾನು ನಡೆಯುತ್ತಿದ್ದದ್ದು ಸೈಕಲ್ಲುಗಳ ದಾರಿ. ಅಜ್ಜಿಯರು, ಸೂಟು ಹಾಕಿದವರು, ಮುಂದೊಂದು ಹಿಂದೊಂದು ಮಗು ಕೂರಿಸಿಕೊಂಡ ತಾಯಂದಿರು, ಎಲ್ಲರೂ ಗಂಟೆ ಬಾರಿಸಿ ನನ್ನನ್ನು ಅತ್ತ ಇತ್ತ ಓಡಿಸಿದರು. ಬೈಯುವವರೂ ನಗುಮುಖದಲ್ಲೇ ಬೈಯುತ್ತಾರೆ. ಭಾಷೆ ತಿಳಿಯದ ಕಾರಣ ನಾನು ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದೆ.

ಆನ್ಸ್ ಮನೆಯ ಕ್ಯಾಲೆಂಡರ್

ನಾನು ಬಾಡಿಗೆಗಿದ್ದ ಮನೆಯ ಒಡತಿ ಆನ್ಸ್, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಬೀದಿಗೆ ತೆರೆದ ದೊಡ್ಡ ಕಿಟಕಿಗೆ ಪರದೆ ಎಳೆಯುತ್ತಿರಲಿಲ್ಲ. ಹೋಗುವವರು ಬರುವವರು ನಾವು ಉಣ್ಣುವುದನ್ನು ನೋಡಬಹುದಿತ್ತು, ಆದರೆ ಯಾರೂ ನೋಡುತ್ತಿರಲಿಲ್ಲ. ನಮ್ಮಲ್ಲಿ ಪರದೆ ಇದ್ದರೂ ನೋಡುತ್ತಾರೆ. ಕಾಫಿಯ ಜೊತೆ ಡಬ್ಬಿ ತೆರೆದು ನನಗೊಂದು ಬಿಸ್ಕತ್ತು, ಅವರಿಗೊಂದು ಬಿಸ್ಕತ್ತು ತೆಗೆದು, ಮುಚ್ಚಳ ಹಾಕಿ ಡಬ್ಬಿಯನ್ನು ಮೇಲಿಡುತ್ತಿದ್ದರು. ಅದು ಜಿಪುಣತನವಲ್ಲವೆಂದು ತಿಳಿಯಲು ನನಗೆ ಸ್ವಲ್ಪ ಕಾಲ ಬೇಕಾಯಿತು.

ನನ್ನನ್ನು ಬೆಚ್ಚಿಬೀಳಿಸಿದ್ದು ಅವರ ಶೌಚಾಲಯ. ಒಳಗೆ ಕೂತರೆ ಕಣ್ಣಿಗೆ ಎದುರಾಗಿ ಒಂದು ಕ್ಯಾಲೆಂಡರ್. ಅದರಲ್ಲಿ ವರ್ಷವಿಲ್ಲ, ವಾರವಿಲ್ಲ. ಬರೀ ತಾರೀಖು, ತಾರೀಖಿನ ಮುಂದೆ ಕೈಯಲ್ಲಿ ಬರೆದ ಹೆಸರು. ನೆಂಟರ, ಗೆಳೆಯರ ಹುಟ್ಟುಹಬ್ಬಗಳು. ದಿನಾ ತಪ್ಪದೆ ಹೋಗುವ ಜಾಗ ಅದೊಂದೇ ತಾನೆ, ಮರೆಯುವ ಭಯವಿಲ್ಲ ಎಂದು ಆನ್ಸ್ ವಿವರಿಸಿದರು. ಮನೆ ಮನೆಯಲ್ಲೂ ಹೀಗೆಯೇ ಅಂತೆ. ನಮ್ಮಲ್ಲಿ ದೇವರ ಪಟದ ಕ್ಯಾಲೆಂಡರನ್ನು ನಡುಮನೆಯಲ್ಲಿ ತೂಗುಹಾಕಿ, ಹಾಲಿನವನ ಲೆಕ್ಕ ಬರೆಯುತ್ತೇವೆ ಎಂದೆ. ಅವರು ಬಹಳ ನಕ್ಕರು.

ಅದರಲ್ಲಿ ಅವರ ಗಂಡನ ಹೆಸರೂ ಇತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು.

“ತೀರಿಕೊಂಡವರ ಹೆಸರು ಅಳಿಸುವುದಿಲ್ಲವೇ?”

“ಏಕೆ ಅಳಿಸಬೇಕು? ಹುಟ್ಟಿದ್ದು ಸುಳ್ಳೇ?” ಎಂದರು ಆನ್ಸ್. ಆಮೇಲೆ, “ನಿನ್ನ ಮನೆಯವರ ಹೆಸರೂ ಬರೆಯೋಣ. ಹೇಳು.”

ಅಕ್ಕನ ತಾರೀಖು ನನಗೆ ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ್ದನ್ನು ಬರೆದಿದ್ದರು. ಅಮ್ಮನನ್ನು ಕೇಳಿದರೆ ಮಾವು ಹೂ ಬಿಟ್ಟಿತ್ತು, ಬೆಳಿಗ್ಗೆ ಮಂಜು ಬೀಳುತ್ತಿತ್ತು ಎನ್ನುತ್ತಾಳೆ. ಅಷ್ಟನ್ನು ಚೌಕದಲ್ಲಿ ಬರೆಯಲು ಆಗುವುದಿಲ್ಲ. ಮೇಷ್ಟ್ರ ತಾರೀಖನ್ನೇ ಹೇಳಿದೆ. ಆನ್ಸ್ ಕೇಳಿ ಕೇಳಿ ‘ವಿಮಲ’ ಎಂದು ಬರೆದರು. ಬದುಕಿದ್ದಾಳೆಯೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪ್ರಯೋಗಾಲಯ

ಪ್ರಯೋಗಾಲಯದ ಮುಖ್ಯಸ್ಥೆ ಮರೈಕೆ, ನನ್ನಷ್ಟೇ ವಯಸ್ಸಿನವಳು. ಎತ್ತರದ ಹೆಂಗಸು, ಯಾವಾಗಲೂ ಸೇಬು ಕಚ್ಚುತ್ತ ನಡೆಯುವವಳು. ಅಲ್ಲಿ ಎಲ್ಲರೂ ಅವಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಾನು ಮೊದಲ ವಾರ ‘ಮೇಡಂ’ ಎಂದಾಗಲೆಲ್ಲ ಅವಳು ತಿರುಗಿ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದಳು.

ಮುದ್ರಿಸುವ ಯಂತ್ರ ಟೈಲರ್ ಅಂಗಡಿಯ ಹೊಲಿಗೆ ಯಂತ್ರಕ್ಕಿಂತ ದೊಡ್ಡದೇನಲ್ಲ. ಮೇಲೆ ಒಂದು ಸಿರಿಂಜು, ಅದರ ತುದಿಯಲ್ಲಿ ಸೂಜಿ. ಸಿರಿಂಜಿನಲ್ಲಿ ಜೆಲ್ಲಿ, ಜೆಲ್ಲಿಯೊಳಗೆ ಜೀವಂತ ಕೋಶಗಳು. ಗಾಳಿಯ ಒತ್ತಡಕ್ಕೆ ಸೂಜಿಯಿಂದ ಎಳೆ ಇಳಿಯುತ್ತದೆ. ನಮ್ಮಲ್ಲಿ ಶಾವಿಗೆ ಒರಳಿನಲ್ಲಿ ಒತ್ತಿದಂತೆ, ಆದರೆ ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣಗೆ. ಎಳೆಯ ಮೇಲೆ ಎಳೆ ಕೂತು, ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ತುಂಡಾಗುತ್ತದೆ. ನಡುವೆ ಬೇರೊಂದು ಜೆಲ್ಲಿಯ ಗೆರೆ ಎಳೆಯುತ್ತಾರೆ. ಬೆಚ್ಚಗೆ ಮಾಡಿದರೆ ಆ ಗೆರೆ ಮಾತ್ರ ಕರಗಿ ಹೋಗಿ, ಆ ಜಾಗದಲ್ಲಿ ಸುರಂಗ ಉಳಿಯುತ್ತದೆ. ಸುರಂಗದ ಒಳಗೋಡೆಗೆ ರಕ್ತನಾಳದ ಕೋಶಗಳನ್ನು ಅಂಟಿಸಿದರೆ ಅದೇ ರಕ್ತನಾಳ. ಅದರೊಳಗೆ ನಿಧಾನವಾಗಿ ದ್ರವ ಹರಿಸುತ್ತಾರೆ. ಪಕ್ಕದಲ್ಲಿ ಕ್ಯಾನ್ಸರ್ ಕೋಶಗಳ ಒಂದು ಉಂಡೆ, ಸಾಸಿವೆಗಿಂತ ಚಿಕ್ಕದು. ಅಷ್ಟೇ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಮೈಶಾಖದಲ್ಲಿ ಇಟ್ಟು ಕಾಯುತ್ತಾರೆ. ಯಂತ್ರ ತನ್ನಷ್ಟಕ್ಕೆ ಒಂದಾದ ಮೇಲೊಂದು ಫೋಟೋ ತೆಗೆಯುತ್ತಿರುತ್ತದೆ.

“ಗಾಜಿನ ತಟ್ಟೆಯಲ್ಲೇ ಬೆಳೆಸಿ ನೋಡಬಹುದಲ್ಲ?” ಎಂದು ಕೇಳಿದೆ. ನಾನು ಹುಡುಗರಿಗೆ ಹೇಳಿಕೊಟ್ಟದ್ದು ಅದನ್ನೇ.

“ತಟ್ಟೆಯ ಮೇಲೆ ಅವು ಚಪ್ಪಟೆ ಮಲಗುತ್ತವೆ. ದೇಹ ತಟ್ಟೆಯಲ್ಲವಲ್ಲ” ಎಂದಳು ಮರೈಕೆ. “ಇಲ್ಲಿ ಸುತ್ತಲೂ ಮಾಂಸದಂಥ ಮೆತ್ತನೆಯದು ಇದೆ. ಎಷ್ಟು ಮೆತ್ತಗಿದ್ದರೆ ನಿಲ್ಲುತ್ತವೆ, ಎಷ್ಟು ಗಟ್ಟಿಯಾದರೆ ಓಡುತ್ತವೆ, ಯಾವ ಔಷಧಿ ಕೊಟ್ಟರೆ ತಡೆಯಬಹುದು, ಅದನ್ನು ಹುಡುಕುತ್ತಿದ್ದೇವೆ.”

“ಈ ಕೋಶಗಳು ಯಾರವು?”

“ಒಬ್ಬ ಹೆಂಗಸಿನವು. ಬಹಳ ಹಿಂದಿನವು. ಹೆಸರು ನಮಗೆ ಗೊತ್ತಿಲ್ಲ.”

ನನ್ನ ಕೈಯಲ್ಲೇ ಒಂದು ತುಂಡು ಮುದ್ರಿಸಲು ಬಿಟ್ಟಳು. ಗುಂಡಿ ಒತ್ತಿದೆ, ಸೂಜಿ ಇಳಿಯಿತು. ಆಗಲೇ ಕೇಳಬಹುದಿತ್ತು. ಆದರೆ ವಿಜ್ಞಾನ ಪಾಠ ಮಾಡುವವಳು, ಅವರ ಖರ್ಚಿನಲ್ಲಿ ಅಲ್ಲಿಯವರೆಗೆ ಬಂದವಳು, ಸೂಜಿ ಚುಚ್ಚಿದರೆ ರೋಗ ಹಬ್ಬುತ್ತದೆಯೇ ಎಂದು ಕೇಳಲು ಬಾಯಿ ಬರಲಿಲ್ಲ. ದಿನ ಹೋಗುತ್ತಿತ್ತು. ರೇಣು ಫೋನು ಇಡುವ ಮುಂಚೆ ಕೇಳುತ್ತಲೇ ಇದ್ದಳು. “ಸೊಪ್ಪು ಕಟ್ಟಿದ ಮೇಲೆ ಸ್ವಲ್ಪ ಉರಿ ಅಷ್ಟೇ ಕಣಕ್ಕ. ಕೇಳಿದ್ಯಾ?”

ಹುಟ್ಟುಹಬ್ಬ

ಒಂದು ದಿನ ಪ್ರಯೋಗಾಲಯದ ಕಾಫಿ ಕೋಣೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಮರೈಕೆಯ ಹುಟ್ಟುಹಬ್ಬ. ಕೇಕು ತಂದವಳೂ ಅವಳೇ. ಅಲ್ಲಿ ಹುಟ್ಟುಹಬ್ಬದವರೇ ಎಲ್ಲರಿಗೂ ತಿನ್ನಿಸಬೇಕು. ಅವಳ ಅಕ್ಕ ಬೇರೆ ಊರಿನಿಂದ ಬಂದಿದ್ದಳು. ಬಂದವರೆಲ್ಲ ಮರೈಕೆಯ ಕೈ ಕುಲುಕಿದ ಮೇಲೆ ಅಕ್ಕನ ಹತ್ತಿರ ಹೋಗಿ ಅವಳ ಕೈಯನ್ನೂ ಕುಲುಕಿ ಏನೋ ಹೇಳುತ್ತಿದ್ದರು. ಏನೆಂದು ಪಕ್ಕದವನನ್ನು ಕೇಳಿದೆ.

“ನಿಮಗೆ ತಂಗಿ ಇರುವುದಕ್ಕೆ ಅಭಿನಂದನೆ, ಅಂತ” ಎಂದ.

ಹುಟ್ಟಿದವರಿಗೆ ಮಾತ್ರವಲ್ಲ, ಅವರನ್ನು ಪಡೆದ ಮನೆಯವರಿಗೂ ಅಭಿನಂದನೆ ಹೇಳುವುದು ಅವರ ಪದ್ಧತಿ. ನಾನು ಸಾಲಿನಲ್ಲಿ ನಿಂತೆ. ಆ ಅಕ್ಕನ ಕೈ ಹಿಡಿದು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ. ಕೇಕಿನ ತಟ್ಟೆ ಕಿಟಕಿಯ ಮೇಲಿಟ್ಟು ಹೊರಗೆ ಬಂದುಬಿಟ್ಟೆ.

ಮರೈಕೆ ಹಿಂದೆಯೇ ಬಂದಳು. “ನಿನಗೂ ಅಕ್ಕತಂಗಿಯರು ಇದ್ದಾರಾ?”

ಕಾರಿಡಾರಿನಲ್ಲಿ ನಿಂತು ಎಲ್ಲ ಹೇಳಿದೆ. ಅಕ್ಕನದು, ಸೂಜಿಯದು, ರೇಣುವಿನದು. ಅವಳು ನಗಲಿಲ್ಲ. ಒಂದೊಂದೇ ಮಾತು ಆರಿಸಿ ಹೇಳಿದಳು. “ಸೂಜಿ ಹೋದ ದಾರಿಯಲ್ಲಿ ಒಂದಿಷ್ಟು ಕೋಶ ಉಳಿಯುವುದುಂಟು, ಅದು ನಿಜ. ಆದರೆ ಎದೆಯ ಗಡ್ಡೆ ಅದರಿಂದಾಗಿ ಲಿವರಿಗೋ ಮೂಳೆಗೋ ಹೋಯಿತು ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ತಡ ಮಾಡಿದರೆ ಏನಾಗುತ್ತದೆ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ನಿನ್ನ ತಂಗಿ ನಾಳೆಯೇ ಹೋಗಬೇಕು. ನಿನ್ನ ಅಕ್ಕನ ವಿಷಯ ನಾನು ಹೇಳಲಾರೆ. ನಾನು ಅವರನ್ನು ನೋಡಿದವಳಲ್ಲ.”

ಅಲ್ಲಿನವರು ಹೀಗೆಯೇ. ಗೊತ್ತಿದ್ದಷ್ಟಕ್ಕಿಂತ ಒಂದಕ್ಷರ ಹೆಚ್ಚು ಹೇಳುವುದಿಲ್ಲ. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿ ರೇಣುಗೆ ಹೇಳಿದೆ.

“ಆಧಾರ ಸಿಕ್ಕಿಲ್ಲ ಅಂದ್ರೆ, ಹುಡುಕ್ತಾ ಇದಾರೆ ಅಂತ ತಾನೆ?” ಎಂದಳು ರೇಣು.

“ಹಂಗಲ್ಲ ಕಣೇ.”

“ಒಂದಿಷ್ಟು ಉಳಿಯುತ್ತೆ ಅಂತ ಅವರೇ ಅಂದ್ರು ಅಂದ್ಯಲ್ಲಕ್ಕ. ಅವರಿಗೇ ಗೊತ್ತಿಲ್ಲ. ಬಿಡು, ನೀನು ಬಾ. ಬಂದ್ಮೇಲೆ ನೋಡೋಣ.”

ಹಿಂದಿನಿಂದ ಅಮ್ಮನ ದನಿ ಕೇಳಿಸಿತು. “ಫೋನು ಇಡಮ್ಮ. ದೂರದೇಶದ ಕರೆ.”

ಎರಡು ನಿಮಿಷದ ಚಿತ್ರ

ಆ ವಾರವೇ ನಾನು ಮುದ್ರಿಸಿದ ತುಂಡಿನ ಫೋಟೋಗಳನ್ನು ಜೋಡಿಸಿ ಚಿತ್ರ ಮಾಡಿದ್ದರು. ಕೆಲವು ದಿನಗಳಲ್ಲಿ ನಡೆದದ್ದು ತೆರೆಯ ಮೇಲೆ ಎರಡು ನಿಮಿಷ.

ಕತ್ತಲೆಯಲ್ಲಿ ರಕ್ತನಾಳ ಕೆಂಪಗೆ. ಪಕ್ಕದಲ್ಲಿ ಉಂಡೆ ಹಸಿರಾಗಿ ಹೊಳೆಯುತ್ತ. ಮೊದಲು ಏನೂ ಇಲ್ಲ, ಉಂಡೆ ಉಸಿರಾಡುವಂತೆ ಅಲುಗುತ್ತದೆ ಅಷ್ಟೇ. ಆಮೇಲೆ ಅಂಚಿನಲ್ಲಿದ್ದ ಒಂದು ಕೋಶ ಮುಂದಕ್ಕೆ ಕೈಯಂಥದ್ದನ್ನು ಚಾಚುತ್ತದೆ. ಊರಿಕೊಳ್ಳುತ್ತದೆ. ಹಿಂದಿನ ಮೈಯನ್ನು ಎಳೆದುಕೊಳ್ಳುತ್ತದೆ. ಮತ್ತೆ ಚಾಚುತ್ತದೆ. ನೆಲದ ಮೇಲೆ ಏನೋ ಹೊಳೆಯುವುದನ್ನು ಕಂಡು ಕೂಸು ಅದರ ಕಡೆಗೆ ಹೊರಡುವುದು ಹೀಗೆಯೇ. ಕೋಶ ನಾಳದ ಗೋಡೆ ಮುಟ್ಟಿತು. ಅಲ್ಲಿ ನಿಂತು ತಡಕಾಡಿತು. ಎರಡು ಕೆಂಪು ಕೋಶಗಳ ನಡುವಿನ ಸಂದಿ ಸಿಕ್ಕಿತು. ಮೈಯನ್ನು ದಾರದಷ್ಟು ಸಣ್ಣ ಮಾಡಿಕೊಂಡು ಅದರೊಳಗೆ ತೂರಿತು. ಆಚೆ ಹೋಗಿ ಮತ್ತೆ ದುಂಡಗಾಯಿತು. ಒಂದು ಕ್ಷಣ ಗೋಡೆ ಹಿಡಿದುಕೊಂಡಿತ್ತು. ಆಮೇಲೆ ಹರಿವು ಅದನ್ನು ಎತ್ತಿಕೊಂಡು ಚಿತ್ರದ ಚೌಕಟ್ಟಿನಿಂದಲೇ ಆಚೆ ಒಯ್ದಿತು.

“ಎಲ್ಲಿಗೆ ಹೋಯಿತು?” ಎಂದೆ.

“ಇ‌ಲ್ಲಿ ಒಂದು ಸೀಸೆಗೆ” ಎಂದಳು ಮರೈಕೆ. ದೇಹದಲ್ಲಾದರೆ ಎಲ್ಲಿಗೆಂದು ಅವಳು ಹೇಳಬೇಕಿರಲಿಲ್ಲ.

ಪಾಠ ಮಾಡುವಾಗ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಎಷ್ಟೋ ಸಲ ತೋರಿಸಿದ್ದೇನೆ. ಬಾಣಕ್ಕೆ ಆತುರವಿರುವುದಿಲ್ಲ. ಇದಕ್ಕೆ ಇತ್ತು. ಮತ್ತೊಮ್ಮೆ ಹಾಕು ಎಂದೆ. ಹಾಕಿದಳು. ಮತ್ತೊಮ್ಮೆ ಎಂದೆ. ಹೊರಗೆ ಬಂದವಳು ಸೈಕಲ್ ದಾರಿಯ ನಡುವೆ ನಿಂತುಬಿಟ್ಟಿದ್ದೆ. ಒಬ್ಬ ಹೆಂಗಸು ಬ್ರೇಕು ಹಾಕಿ, ಬಿದ್ದೇಬಿಡುವಂತಾಗಿ, ಇಳಿದು, ಈ ಸಲ ನಗದೆ ಬೈದಳು. ನನ್ನ ಮುಖ ನೋಡಿ ಬೈಗುಳ ನಿಲ್ಲಿಸಿ, ತೋಳು ಹಿಡಿದು ಬದಿಗೆ ಕರೆದೊಯ್ದು ನಿಲ್ಲಿಸಿದಳು.

ಅಲ್ಲಿಂದಲೇ ತಿರುಗಿ ಹೋಗಿ ಮರೈಕೆಯನ್ನು ಕೇಳಿದೆ. “ಇದನ್ನು ನನ್ನ ತಂಗಿಗೆ ತೋರಿಸಬಹುದಾ?” ದಿನವೂ ಮಾಡುವ ಮಾದರಿ, ಮುಚ್ಚಿಡುವಂಥದ್ದೇನಿಲ್ಲ ಎಂದಳು.

ಮಾಲೂರಿನಲ್ಲಿ ಆಗ ರಾತ್ರಿ, ರೇಣು ಕೆಲಸದಿಂದ ಬಂದಿದ್ದಳು. ಫೋನಿನ ಕ್ಯಾಮೆರಾವನ್ನು ತೆರೆಯ ಕಡೆ ಹಿಡಿದೆ. ಆ ಕಡೆ ರೇಣುವಿನ ಅರ್ಧ ಮುಖ, ಅವಳ ಭುಜದ ಮೇಲೆ ಅಮ್ಮನ ಕನ್ನಡಕ. ಅಡುಗೆಮನೆಯ ಗೋಡೆ.

“ಏನಕ್ಕ ಇದು, ದೀಪಾವಳಿ ಇದ್ದಂಗಿದೆ.”

“ಹಸಿರಾಗಿರೋದು ಗಡ್ಡೆ. ಕೆಂಪಗಿರೋದು ರಕ್ತನಾಳ. ಸುಮ್ನೆ ನೋಡು.”

ಚಿತ್ರ ಓಡಿತು. ಕೋಶ ಕೈ ಚಾಚಿತು. ಅದು ಗೋಡೆಯ ಹತ್ತಿರ ಬಂದಾಗ ಅಮ್ಮ ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು. “ಬಿಡ್ಡ ಮಾದಿರಿ ಪಾಕ್ತಾ ಉಂದಿ.” ಮಗುವಿನ ಹಾಗೆ ಅಂಬೆಗಾಲಿಡುತ್ತಿದೆ. ನಾನು ಆಸ್ಪತ್ರೆಯ ಬಾಗಿಲಲ್ಲಿ ಅವಸರಕ್ಕೆ ಆಡಿದ್ದ ಮಾತು ಅದು. ಅದು ಎಷ್ಟು ನಿಜವೆಂದು ಆಗ ನನಗೆ ಗೊತ್ತಿರಲಿಲ್ಲ.

ಚಿತ್ರ ಮುಗಿಯಿತು. ಅಮ್ಮ ಕೇಳಿದಳು. “ಎವರೂ ಗುಚ್ಚಲೇದಾ?” ಯಾರೂ ಚುಚ್ಚಲಿಲ್ಲವಾ?

“ಇಲ್ಲಮ್ಮ. ಉಂಡೆ ಇಟ್ಟ ಮೇಲೆ ಯಾರೂ ಮುಟ್ಟಿಲ್ಲ. ನಾನೇ ಇಟ್ಟದ್ದು. ತಾನೇ ಹೊರಟಿದ್ದು.”

“ಇನ್ನೊಂದ್ಸಲ ಹಾಕು.”

ಹಾಕಿದೆ. ಈ ಸಲ ಅಮ್ಮ ತೆರೆ ನೋಡುತ್ತಲೇ, ತನ್ನಷ್ಟಕ್ಕೆ ಎಂಬಂತೆ ಕನ್ನಡದಲ್ಲಿ ಹೇಳಿದಳು. “ವಿಮಲಂಗೆ ಆ ಹಿಂದಿನ ಕಾಯಿ ಕಾಲದಲ್ಲೇ ಸೊಂಟ ಹಿಡ್ಕೊಂಡಿತ್ತು. ಮಂಡೀಲಿ ಕ್ರೇಟ್ ಎತ್ತಿ ಎತ್ತಿ ಅಂತಿದ್ಲು. ಬಿಸಿನೀರು ಬ್ಯಾಗ್ ಇಟ್ಕೊಂಡೇ ಕೂತಿರ್ತಿದ್ಲು.”

ಅಕ್ಕನಿಗೆ ಸೂಜಿ ಹಾಕಿಸಿದ್ದು ಆ ಮಾವಿನ ಕಾಲ ಮುಗಿದು, ದೀಪಾವಳಿಯೂ ಕಳೆದ ಮೇಲೆ. ನಮಗೆ ಮೂವರಿಗೂ ಅದು ಗೊತ್ತಿತ್ತು. ರೇಣು ಮೂಗು ಒರೆಸಿಕೊಂಡಳು.

“ಆಯ್ತಕ್ಕ. ನೀನು ಬಾ. ನಿನ್ ಕೈ ಹಿಡ್ಕೊಂಡು ಚುಚ್ಚಿಸ್ಕೋತೀನಿ.”

“ನಾನು ಬರೋ ತನಕ ಕಾಯ್ಬೇಡ. ನಾಳೆನೇ ಹೋಗು.”

“ನಾಳೆ ಬೇಡ. ನೀನು ಬಾ.”

ಉಳಿದ ದಿನಗಳನ್ನು ಬಿಟ್ಟು ಹೊರಟೆ. ಹೊರಡುವ ಬೆಳಿಗ್ಗೆ ಆನ್ಸ್, ಕ್ಯಾಲೆಂಡರಿನಲ್ಲಿ ನನ್ನ ತಂಗಿಯ ಹೆಸರು ಬರೆಯಲಿಲ್ಲವಲ್ಲ ಎಂದು ಪೆನ್ನು ಹಿಡಿದು ಬಂದರು. ರೇಣುವಿನ ತಾರೀಖು ನನಗೆ ಸರಿಯಾಗಿ ಗೊತ್ತಿತ್ತು. ಅವಳು ಕೋಲಾರದ ಆಸ್ಪತ್ರೆಯಲ್ಲಿ ಹುಟ್ಟಿದವಳು. ಬರೆದ ಮೇಲೆ ಆನ್ಸ್ ನನ್ನ ಕೈ ಕುಲುಕಿದರು. ಆಮೇಲೆ ಬಿಸ್ಕತ್ತಿನ ಡಬ್ಬಿಯನ್ನು ಪೂರ್ತಿ ನನ್ನ ಚೀಲಕ್ಕೆ ಹಾಕಿದರು.

ಬೆಂಗಳೂರು

ರೇಣು ಮಾತು ತಪ್ಪಲಿಲ್ಲ. ನಾನು ಇಳಿದ ಮಾರನೇ ದಿನವೇ ಆಸ್ಪತ್ರೆಯ ಮಂಚದ ಮೇಲೆ ಮಲಗಿ ನನ್ನ ಕೈ ಹಿಡಿದುಕೊಂಡಳು.

“ಹಾಕಿದ್ರಾ?”

“ಆಯ್ತು ಕಣೇ.”

“ಇಷ್ಟೇನಾ? ರೈಲಲ್ಲಿ ಇದಕ್ಕಿಂತ ಜೋರಾಗಿ ಚಿವುಟ್ತಾರೆ” ಎಂದಳು. ನರ್ಸು ನಕ್ಕಳು.

ಕ್ಯಾನ್ಸರೇ. ಕಂಕುಳಿನ ಗ್ರಂಥಿಗಳಿಗೂ ಬಂದಿದೆ. ಅದಕ್ಕಿಂತ ದೂರ ಹೋಗಿರುವುದು ಸ್ಕ್ಯಾನಿನಲ್ಲಿ ಕಂಡಿಲ್ಲ. ಕಂಡಿಲ್ಲ ಎಂದರೆ ಏನು ಎಂಬುದು ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನೀವು ಕಾದ ಕೆಲವು ವಾರಗಳಿಂದಲೇ ಹೀಗಾಯಿತು ಎನ್ನಲು ಬರುವುದಿಲ್ಲ ಎಂದರು ಡಾಕ್ಟರು. ಮರೈಕೆ ಮಾತಾಡುವ ಹಾಗೆಯೇ ಮಾತಾಡಿದರು.

ಆದರೂ ಕಣ್ಣು ಮುಚ್ಚಿದರೆ ಆ ಎರಡು ನಿಮಿಷ ಮತ್ತೆ ಓಡುತ್ತದೆ. ಹಸಿರು ಕೈ ಚಾಚುತ್ತದೆ. ಯಾವಾಗ ಹೊರಟಿತು? ಯುಗಾದಿಯ ಎಣ್ಣೆನೀರಿನ ಹೊತ್ತಿಗೋ? ಸೊಪ್ಪಿನ ಕೆಳಗೆ ಉರಿಯುತ್ತಿದ್ದಾಗಲೋ? ನಾನು ಇಟ್ಟಿಗೆ ರಸ್ತೆಯಲ್ಲಿ ಸೈಕಲ್ಲುಗಳಿಗೆ ದಾರಿ ಬಿಡುತ್ತ ನಗುತ್ತಿದ್ದಾಗಲೋ? ಪ್ರತಿ ಸಲವೂ ಅದು ಗೋಡೆಯ ಸಂದಿಗೆ ಬರುವಾಗ ನಿಲ್ಲಿಸಬೇಕೆಂದು ಕೈ ಹೋಗುತ್ತದೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬಾಣ ಬರೆಯಲು ಹೋಗಿ ಮೊನ್ನೆ ಸುಮ್ಮನೆ ನಿಂತಿದ್ದೆ. ಹುಡುಗಿಯರು ಮೇಡಂಗೆ ತಲೆಸುತ್ತು ಎಂದುಕೊಂಡು ನೀರು ತಂದುಕೊಟ್ಟರು.

ಈಗ ರೇಣುಗೆ ಔಷಧಿ ಏರಿಸುತ್ತಿದ್ದಾರೆ. ಮಾಲೂರಿನಿಂದ ಅವಳು ಕೆಲಸಕ್ಕೆ ಹಿಡಿಯುತ್ತಿದ್ದ ರೈಲನ್ನೇ ಹಿಡಿದು ನಾವು ಮೂವರೂ ಹೋಗುತ್ತೇವೆ. ತಲೆಗೆ ಟವಲು ಸುತ್ತಿಕೊಂಡ ಅವಳಿಗೆ ದಿನದ ಗೆಳತಿಯರು ಕಿಟಕಿ ಪಕ್ಕ ಜಾಗ ಹಿಡಿದಿಟ್ಟಿರುತ್ತಾರೆ. ಭಾವ ಒಂದು ಸಲ ಮಲ್ಲಿಕಾ ಮಾವಿನ ಹಣ್ಣಿನ ಬುಟ್ಟಿ ತಂದು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ, “ಇವ್ರೇ” ಎಂದರು.

ಹೋದ ವಾರ ಬಂದ ನರ್ಸು ಹೊಸಬಳು. ರೇಣುವಿನ ಕೈಯಲ್ಲಿ ನರ ಸಿಗುತ್ತಿರಲಿಲ್ಲ. ಒಂದು ಸಲ ಚುಚ್ಚಿ ತಪ್ಪಿತು, ರೇಣು ಮುಖ ಹಿಂಡಿದಳು. ನರ್ಸು ಹೆದರಿ ನಮ್ಮ ಮುಖ ನೋಡುತ್ತ ಸೂಜಿ ಹಿಡಿದು ನಿಂತಳು. ಅಮ್ಮ ಎದ್ದಳು. ರೇಣುವಿನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ತೀಡಿ ನರ ಎಬ್ಬಿಸಿ, ಮುಂದಕ್ಕೆ ಚಾಚಿದಳು.

“ಚುಚ್ಚಮ್ಮ, ಹೆದರ್ಕೋಬೇಡ” ಎಂದಳು. ನರ್ಸಿಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ನನ್ನನ್ನು. “ಸೂಜಿ ಏನೂ ಮಾಡಿಲ್ಲ.”